18-55, 55-250 ಲೆನ್ಸ್ ಇದ್ದವರು ಮ್ಯಾಕ್ರೋಗೆ ಕ್ಲೋಸ್‌ಅಪ್ ಫಿಲ್ಟರ್ ಸೆಟ್ ತಗೊಳ್ಳಬಹುದಾ?

ಕ್ಯಾನನ್ 18-55, 55-250 ಮಿ.ಮೀ. ಝೂಮ್ ಲೆನ್ಸ್ ಎರಡೂ ಇವೆ, ಇರುವೆ ಚಿಟ್ಟೆಗಳನ್ನು ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸಿಗೆ ದುಡ್ಡಿಲ್ಲ, ಲೆನ್ಸಿನ ಮುಂದೆ ಹಾಕುವ ಕ್ಲೋಸ್‌ಅಪ್ ಫಿಲ್ಟರ್ +1, +2, +4, +10 ಅಂತ ನಾಲ್ಕು ಗಾಜಿನ ಸೆಟ್ ಅಗ್ಗಕ್ಕೆ ಸಿಗುತ್ತದೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಸೆಟ್ ಬೇಡ ಮಾರಾಯ್ರೇ. ಸ್ವಲ್ಪ ದುಡ್ಡು ಕೂಡಿಸಿ ಒಂದೇ ಒಂದು ಒಳ್ಳೆಯ ಗಾಜು ತಗೊಳ್ಳಿ. ಅದನ್ನು 18-55ಕ್ಕಲ್ಲ, 55-250ಕ್ಕೆ ಹಾಕಿ.

ಲೆಕ್ಕ ಸುಲಭ. +4 ಅಂದರೆ 4 ಡಯಾಪ್ಟರ್, ಕನ್ನಡಕದ ನಂಬರಿನ ಹಾಗೆ ಗಾಜಿನ ಪವರ್. 1000ವನ್ನು 4ರಿಂದ ಭಾಗಿಸಿದರೆ 250 ಮಿ.ಮೀ., ಅದೇ ಆ ಗಾಜಿನ ಫೋಕಲ್ ಲೆಂತ್. ಲೆನ್ಸನ್ನು ಇನ್ಫಿನಿಟಿಯಲ್ಲಿ (ಅತಿ ದೂರದ ಫೋಕಸಿನಲ್ಲಿ) ಇಟ್ಟರೆ ಗಾಜಿನಿಂದ 25 ಸೆಂ.ಮೀ. ದೂರದಲ್ಲಿರುವುದು ಫೋಕಸ್ ಆಗುತ್ತದೆ. ಯಾವ ಲೆನ್ಸಿಗೆ ಹಾಕಿದರೂ ಇಷ್ಟೇ ದೂರ. ಚಿತ್ರ ಎಷ್ಟು ದೊಡ್ಡದಾಗುತ್ತದೆ ಅನ್ನುವುದು ಮಾತ್ರ ಹಿಂದಿನ ಲೆನ್ಸಿನ ಕೈಯಲ್ಲಿದೆ. 18-55ರ ತುದಿಯ 55ನ್ನು ಗಾಜಿನ 250ರಿಂದ ಭಾಗಿಸಿ, 0.22, ಅಂದರೆ ಚಿತ್ರ ಮೂಡುವ ಸೆನ್ಸರಿನ ಮೇಲೆ ವಸ್ತು ತನ್ನ ನಿಜ ಗಾತ್ರದ 0.22 ಪಟ್ಟು. ಏನೂ ಹಾಕದೆಯೇ 18-55 ಹತ್ತಿರದಿಂದ ಇದಕ್ಕಿಂತ ಜಾಸ್ತಿ ಕೊಡುತ್ತದೆ ಅಲ್ವಾ! ಅದೇ +4 ಅನ್ನು 55-250ಕ್ಕೆ ಹಾಕಿ 250ಕ್ಕೆ ಎಳೆದರೆ ಸರಿಯಾಗಿ 1, ಅಂದರೆ ಲೈಫ್ ಸೈಜ್.

ಇಷ್ಟರಲ್ಲಿ ಏನು ಕಾಣುತ್ತದೆ ಅಂತೀರಾ? ನಿಮ್ಮ ಕ್ಯಾಮೆರಾದ ಸೆನ್ಸರ್ ಸುಮಾರು 22 ಮಿ.ಮೀ. ಅಗಲ. ಮಾವಿನ ಮರದ ಚಗಳಿ ಇರುವೆ ಒಂದು ಸೆಂಟಿಮೀಟರಿನ ಹತ್ತಿರ. ಹಾಗಾಗಿ ಅದು ಅರ್ಧ ಫ್ರೇಮ್ ತುಂಬುತ್ತದೆ. ಎಲೆ ಎಲೆ ಸೇರಿಸಿ ಹೊಲಿದ ಬಿಳಿ ನೂಲಿನ ಎಳೆಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ಮರಕ್ಕೆ ಒರಗಿ ಮಾತ್ರ ನಿಲ್ಲಬೇಡಿ. ಕಚ್ಚಿಸಿಕೊಂಡರೆ ಫೋಟೋ ಬೇಡವೇ ಬೇಡ ಅನ್ನಿಸುತ್ತದೆ.

ಅಗ್ಗದ ಸೆಟ್ಟಿನಲ್ಲಿ ಪ್ರತಿಯೊಂದೂ ಒಂಟಿ ಗಾಜು. ಅಂಚಿನಲ್ಲಿ ನೇರಳೆ, ಹಸಿರು ಗೆರೆ ಬರುತ್ತದೆ, ಮೂಲೆಗಳು ಮಸುಕು. 250ರಲ್ಲಿ ಇದು ಇನ್ನೂ ಜಾಸ್ತಿ. +10 ಅಂತೂ ಸುಮ್ನೆ ಡಬ್ಬಿಯಲ್ಲಿ ಕೂರುತ್ತದೆ. ಬೇರೆ ಬೇರೆ ಬಗೆಯ ಗಾಜು ಜೋಡಿಸಿ ಈ ಬಣ್ಣದ ದೋಷ ತಗ್ಗಿಸಿದ್ದಕ್ಕೆ ಅಕ್ರೋಮ್ಯಾಟ್ ಅನ್ನುತ್ತಾರೆ. ಕ್ಯಾನನ್ 250ಡಿ (+4) ಅಂಥದ್ದು, 58 ಮಿ.ಮೀ. ಥ್ರೆಡ್ಡಿನದು ನೋಡಿ. ರೇನಾಕ್ಸ್ ಡಿಸಿಆರ್-150 (+4.8) ಕ್ಲಿಪ್ಪಿನ ಹಾಗೆ ಕೂರುತ್ತದೆ, ಚಿಟ್ಟೆ ಎದುರಿಗಿದ್ದಾಗ ಥ್ರೆಡ್ ತಿರುಗಿಸುವ ಗೋಳಿಲ್ಲ. ನನ್ನ ಮತ ರೇನಾಕ್ಸಿಗೆ. ಅದೇ ಕಂಪನಿಯ ಡಿಸಿಆರ್-250 (+8) ಹನ್ನೆರಡೂವರೆ ಸೆಂಟಿಮೀಟರಿಗೆ ಹೋಗಬೇಕು, ಶುರುವಿಗೆ ಕಷ್ಟ.

ಹಾಕಿದ ಮೇಲೆ ದೂರದ್ದು ಯಾವುದೂ ಫೋಕಸ್ ಆಗುವುದಿಲ್ಲ. ಲೆನ್ಸ್ ಹಾಳಾಯಿತು ಅಂತ ಗಾಬರಿ ಬೇಡ. ಫೋಕಸ್ ರಿಂಗ್ ಮುಟ್ಟದೆ ನೀವೇ ಕೂದಲೆಳೆಯಷ್ಟು ಹಿಂದೆ ಮುಂದೆ ವಾಲಿ, ಕೀಟದ ಕಣ್ಣು ಶಾರ್ಪ್ ಆದ ತಕ್ಷಣ ಒತ್ತಿ. ಲೆನ್ಸಿನ ಬೆಳಕಿನ ಕಿಂಡಿಯನ್ನು (ಅಪರ್ಚರ್) ಎಫ್/11ರಷ್ಟು ಕಿರಿದು ಮಾಡಿದರೂ ಶಾರ್ಪ್ ಇರುವುದು ಒಂದು ಮಿಲಿಮೀಟರಿಗಿಂತ ಕಡಿಮೆ. ಅದಕ್ಕೇ ಏರೋಪ್ಲೇನ್ ಚಿಟ್ಟೆಯನ್ನು ಎದುರಿನಿಂದ ಅಲ್ಲ, ಪಕ್ಕದಿಂದ ತೆಗೆಯಿರಿ, ಮೈ ಪೂರ್ತಿ ಸೆನ್ಸರಿಗೆ ಸಮಾನಾಂತರ ಇರಲಿ. ಮಣಿಪಾಲದ ಮಣ್ಣಪಳ್ಳ ಕೆರೆ ಬದಿಗೆ ಬೆಳಿಗ್ಗೆ ಬೇಗ ಹೋಗಿ ನೋಡಿ. ಬಿಸಿಲೇರುವ ಮೊದಲು ಅವು ಅಷ್ಟು ಚುರುಕಿರುವುದಿಲ್ಲ.

ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವ ಎಕ್ಸ್‌ಟೆನ್ಷನ್ ಟ್ಯೂಬ್ ಹಾಗೆ ಈ ಗಾಜು ಬೆಳಕು ತಿನ್ನುವುದಿಲ್ಲ. ಆದರೂ ಎಫ್/11ಕ್ಕೆ ಮರದ ನೆರಳಲ್ಲಿ ಫ್ಲ್ಯಾಶ್ ಬೇಕೇ ಬೇಕು, ಅದರ ಮುಂದೆ ಟಿಶ್ಯೂ ಕಾಗದ ಕಟ್ಟಿ. ಲೆನ್ಸ್ ಬಿಚ್ಚುವ ಕೆಲಸವೂ ಇಲ್ಲ. ನಮ್ಮ ಉಡುಪಿ ಮಳೆಗಾಲಕ್ಕೆ ಅದೇ ದೊಡ್ಡ ಲಾಭ. ಎಸಿ ರೂಮಿನಿಂದ ನೇರ ಹೊರಗೆ ತಂದರೆ ಗಾಜಿಗೆ ಮಂಜು ಕಟ್ಟುತ್ತದೆ, ಬ್ಯಾಗಿನೊಳಗೇ ಸ್ವಲ್ಪ ಹೊತ್ತು ಬಿಡಿ. ಮನೆಗೆ ಬಂದ ಮೇಲೆ ಒರೆಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಫಂಗಸ್ ಹಿಡಿದರೆ ಅಕ್ರೋಮ್ಯಾಟ್ ಬಿಚ್ಚಿ ಕ್ಲೀನ್ ಮಾಡುವುದು ತಲೆನೋವು.