ಅಂಗಡಿಯ ವೈ-ಫೈ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಅಂಗಡಿಯಲ್ಲಿ ಒಂದೇ ರೂಟರ್ ಇದೆ. ಬಿಲ್ಲಿಂಗ್ ಕಂಪ್ಯೂಟರ್, ಕಾರ್ಡ್ ಮಷಿನ್, ಸಿಸಿಟಿವಿ ಎಲ್ಲವೂ ಅದಕ್ಕೇ. ಗಿರಾಕಿಗಳು ಕೇಳಿದರೂ ಅದೇ ಪಾಸ್‌ವರ್ಡ್ ಕೊಡುತ್ತೇವೆ. ಪಾಸ್‌ವರ್ಡ್ ಗಟ್ಟಿಯಾಗಿದೆ, ಅಷ್ಟು ಸಾಲದೇ?

ಉತ್ತರ: ಸಾಲದು. ಬಂದವರಿಗೆಲ್ಲ ಹೇಳಿದ ಮೇಲೆ ಪಾಸ್‌ವರ್ಡ್ 8 ಅಕ್ಷರದ್ದಾದರೇನು, 63 ಅಕ್ಷರದ್ದಾದರೇನು? ಡಬ್ಲ್ಯುಪಿಎ2 ಪರ್ಸನಲ್‌ನಲ್ಲಿ (ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರುವ ವೈ-ಫೈ ಭದ್ರತೆ) ಪಾಸ್‌ವರ್ಡ್ ಗೊತ್ತಿರುವವರು, ನಿಮ್ಮ ಕಂಪ್ಯೂಟರ್ ವೈ-ಫೈಗೆ ಸೇರಿಕೊಳ್ಳುವಾಗ ಓಡಾಡುವ ನಾಲ್ಕು ಸಂದೇಶಗಳನ್ನು ಹಿಡಿದರೆ ಮುಗಿಯಿತು. ಆಮೇಲೆ ಅದು ವೈ-ಫೈ ಮೂಲಕ ಕಳಿಸುವುದನ್ನು ಬಿಚ್ಚಿ ನೋಡಬಹುದು. ವೆಬ್‌ಸೈಟುಗಳಿಗೆ ಎಚ್‌ಟಿಟಿಪಿಎಸ್ ರಕ್ಷಣೆ (ಬ್ರೌಸರ್ ಮತ್ತು ಸೈಟಿನ ನಡುವಿನ ಗುಪ್ತಲಿಪಿ) ಇರುತ್ತದೆ ನಿಜ. ಅಂಗಡಿಯೊಳಗಿನ ಸರ್ವರ್‌ಗೆ ಬಿಲ್ ಕಳಿಸುವ ಹಳೆಯ ಸಾಫ್ಟ್‌ವೇರ್‌ಗೆ ಎಷ್ಟೋ ಸಲ ಅದೂ ಇರುವುದಿಲ್ಲ.

ಹಾಗಾಗಿ ನೆಟ್‌ವರ್ಕನ್ನೇ ಬೇರ್ಪಡಿಸಿ. ಇದಕ್ಕೆ ವಿ-ಲ್ಯಾನ್ (ಒಂದೇ ಸಾಧನದಲ್ಲಿ ಹಲವು ಪ್ರತ್ಯೇಕ ನೆಟ್‌ವರ್ಕ್ ಮಾಡುವ) ಸೌಲಭ್ಯವಿರುವ ರೂಟರ್, ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದ, ಕೇಬಲ್ಲುಗಳನ್ನು ಜೋಡಿಸುವ ಪೆಟ್ಟಿಗೆ) ಮತ್ತು ಅಕ್ಸೆಸ್ ಪಾಯಿಂಟ್ (ವೈ-ಫೈ ಸಿಗ್ನಲ್ ಕೊಡುವ ಸಾಧನ) ಬೇಕು. ವಿ-ಲ್ಯಾನ್ 10 ಬಿಲ್ಲಿಂಗ್ ಮತ್ತು ಕಾರ್ಡ್ ಮಷಿನ್‌ಗೆ, 20 ಕ್ಯಾಮೆರಾಗಳಿಗೆ, 30 ಗಿರಾಕಿಗಳಿಗೆ ಎಂದಿಟ್ಟುಕೊಳ್ಳಿ. 30ರಿಂದ ಇಂಟರ್ನೆಟ್‌ಗೆ ಮಾತ್ರ ದಾರಿ. 10 ಮತ್ತು 20ಕ್ಕೆ ಹೋಗುವುದನ್ನು ಫೈರ್‌ವಾಲ್‌ನಲ್ಲಿ (ಯಾವುದನ್ನು ಬಿಡಬೇಕು, ತಡೆಯಬೇಕು ಎಂಬ ನಿಯಮಗಳ ಕಾವಲು) ತಡೆಯಿರಿ. ಕ್ಯಾಶ್ ಕೌಂಟರಿನ ಕಂಪ್ಯೂಟರ್ ಜಾಗ ಬದಲಿಸುವುದಿಲ್ಲವಲ್ಲ, ಅದಕ್ಕೆ ಕೇಬಲ್ಲೇ ಹಾಕಿಬಿಡಿ.

ಬಹಳಷ್ಟು ಕಡೆ ಎಡವುವುದು ಇಲ್ಲೇ: ವೈ-ಫೈ ಹೆಸರು ಮೂರು ಮಾಡುತ್ತಾರೆ, ಹಿಂದೆ ನೆಟ್‌ವರ್ಕ್ ಒಂದೇ ಇರುತ್ತದೆ. ಪರೀಕ್ಷೆ ಸುಲಭ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಗಿರಾಕಿಗಳ ವೈ-ಫೈಗೆ ಸೇರಿಸಿ, ಬ್ರೌಸರಿನಲ್ಲಿ ರೂಟರಿನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಅಂಕಿಗಳ ವಿಳಾಸ) ಹೊಡೆಯಿರಿ. ಆಮೇಲೆ ಕ್ಯಾಮೆರಾ ರೆಕಾರ್ಡರ್‌ನದು. ಲಾಗಿನ್ ಪುಟ ತೆರೆದರೆ ಬಹುಶಃ ನೀವು ಬೇರ್ಪಡಿಸಿದ್ದು ಹೆಸರನ್ನಷ್ಟೇ. ‘ಕ್ಲೈಂಟ್ ಐಸೊಲೇಷನ್’ (ವೈ-ಫೈಗೆ ಸೇರಿದ ಸಾಧನಗಳು ಪರಸ್ಪರ ಮಾತಾಡದಂತೆ ತಡೆಯುವ ಸೆಟ್ಟಿಂಗ್) ಆನ್ ಮಾಡಿದ್ದೇವೆ ಎಂದು ಸುಮ್ಮನಾಗಬೇಡಿ. ಕೆಲವು ಸಾಧನಗಳಲ್ಲಿ ಅದು ಒಂದೇ ಅಕ್ಸೆಸ್ ಪಾಯಿಂಟಿನ ಫೋನುಗಳ ನಡುವೆ ಮಾತ್ರ ಅಡ್ಡ ನಿಲ್ಲುತ್ತದೆ, ಕೇಬಲ್ಲಿನಲ್ಲಿರುವ ಕಂಪ್ಯೂಟರನ್ನು ಕಾಯುವುದಿಲ್ಲ.

ಬೇರ್ಪಡಿಸಿದ ಮರುದಿನ ‘ಪ್ರಿಂಟರ್ ಕಾಣುತ್ತಿಲ್ಲ’ ಎಂಬ ದೂರು ಬರಬಹುದು. ಪ್ರಿಂಟರನ್ನು ಹುಡುಕುವ ಸಂದೇಶಗಳು ವಿ-ಲ್ಯಾನ್ ದಾಟುವುದಿಲ್ಲ, ಅದೇ ಕಾರಣ. ಸಿಟ್ಟಿನಲ್ಲಿ ‘ಎಲ್ಲವನ್ನೂ ಬಿಡು’ ಎಂಬ ನಿಯಮ ಹಾಕಿದರೆ ಮಾಡಿದ್ದೆಲ್ಲ ನೀರಿಗೆ ಹೋಯಿತು. ಪ್ರಿಂಟರನ್ನೂ 10ರೊಳಗೆ ತನ್ನಿ. ಆಗದಿದ್ದರೆ ಅದಕ್ಕೆ ಸ್ಥಿರ ಐಪಿ (ಬದಲಾಗದ ವಿಳಾಸ) ಕೊಟ್ಟು, ಬಿಲ್ಲಿಂಗ್ ಕಡೆಯಿಂದ ಅದು ಬಳಸುವ ಪೋರ್ಟ್ (ಸಂಪರ್ಕದ ಬಾಗಿಲಿನ ಸಂಖ್ಯೆ) ಮಾತ್ರ ಫೈರ್‌ವಾಲ್‌ನಲ್ಲಿ ತೆರೆಯಿರಿ. ಸಾಮಾನ್ಯವಾಗಿ ಅದು 9100.

ಪ್ರಶ್ನೆ: ವೈ-ಫೈ ಹೆಸರು ಅಡಗಿಸಿ, ಮ್ಯಾಕ್ ಫಿಲ್ಟರ್ (ಪಟ್ಟಿಯಲ್ಲಿರುವ ಸಾಧನಗಳನ್ನಷ್ಟೇ ಒಳಬಿಡುವ ವ್ಯವಸ್ಥೆ) ಹಾಕಿದರೆ?

ಉತ್ತರ: ಕಾಲಹರಣ. ಸಾಧನದ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸಕ್ಕೆ ಎನ್‌ಕ್ರಿಪ್ಷನ್ (ಗುಪ್ತಲಿಪಿಯ ರಕ್ಷಣೆ) ಇಲ್ಲ, ಕೇಳಿಸಿಕೊಂಡು ನಕಲು ಮಾಡಬಹುದು. ಅಡಗಿಸಿದ ಹೆಸರನ್ನು ಸೇರಿಕೊಳ್ಳುವ ಸಾಧನಗಳೇ ಬಾಯಿಬಿಡುತ್ತವೆ. ಅದರ ಬದಲು ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಹೊಡೆಯದೆ ಪಿನ್ ಅಥವಾ ಬಟನ್‌ನಿಂದ ವೈ-ಫೈಗೆ ಸೇರಿಸುವ ಸೌಲಭ್ಯ) ಆಫ್ ಮಾಡಿ: ಅದರ 8 ಅಂಕಿಯ ಪಿನ್ ಅನ್ನು ರೂಟರ್ ಎರಡು ತುಂಡಾಗಿ ಪರಿಶೀಲಿಸುತ್ತದೆ, ಕೊನೆಯ ಅಂಕಿ ಬರೀ ಚೆಕ್‌ಸಮ್, ಅಂದರೆ ಉಳಿದವುಗಳಿಂದ ಲೆಕ್ಕಹಾಕಬಹುದಾದದ್ದು. ಮೊದಲ ನಾಲ್ಕು ಅಂಕಿಗೆ 10,000, ಮುಂದಿನ ಮೂರಕ್ಕೆ 1,000 ಸಾಧ್ಯತೆ. ಹಾಗಾಗಿ ಹೆಚ್ಚೆಂದರೆ 11,000 ಪ್ರಯತ್ನಕ್ಕೆ ಪಿನ್ ಸಿಕ್ಕಿಬಿಡುತ್ತದೆ.

ಪ್ರಶ್ನೆ: ದಾಸ್ತಾನು ಎಣಿಸುವ ಹಳೆಯ ಬಾರ್‌ಕೋಡ್ ಸ್ಕ್ಯಾನರುಗಳಿಗೆ ಡಬ್ಲ್ಯುಇಪಿ (ವೈ-ಫೈನ ಹಳೆಯ ಭದ್ರತಾ ವಿಧಾನ) ಮಾತ್ರ ಗೊತ್ತು. ಅವನ್ನು ಉಳಿಸಿಕೊಳ್ಳಬಹುದೇ?

ಉತ್ತರ: ವೈ-ಫೈನಲ್ಲಿ ಬೇಡ. ಡಬ್ಲ್ಯುಇಪಿಯ ಕೀಲಿಯನ್ನು ಲೆಕ್ಕಹಾಕಿ ತೆಗೆಯುವ ದಾರಿ 2001ರಲ್ಲೇ ಬಯಲಾಗಿತ್ತು. ಇಂದು ಕೆಲವೇ ನಿಮಿಷಗಳ ಕೆಲಸ. ಅಮೆರಿಕದ ಟಿಜೆಎಕ್ಸ್ ಮಳಿಗೆ ಸರಣಿಯಿಂದ ಕನಿಷ್ಠ 4.5 ಕೋಟಿ ಕಾರ್ಡುಗಳ ವಿವರ ಕಳುವಾದದ್ದು 2007ರಲ್ಲಿ ಹೊರಬಿತ್ತು. ಆ ಅಂಗಡಿಗಳ ವೈ-ಫೈಗೆ ಇದ್ದದ್ದು ಡಬ್ಲ್ಯುಇಪಿ. ಕಾರ್ಡ್ ಪಾವತಿಯ ಭದ್ರತೆಗೆ ಇರುವ ಪಿಸಿಐ ಡಿಎಸ್ಎಸ್ ನಿಯಮಗಳು 2010ರ ಜೂನ್ 30ರ ನಂತರ ಅದನ್ನು ನಿಷೇಧಿಸಿವೆ. ಸ್ಕ್ಯಾನರ್ ಬದಲಿಸಿ, ಇಲ್ಲವೇ ಅದರ ಕ್ರೇಡಲ್‌ನಲ್ಲಿಟ್ಟು (ಸ್ಕ್ಯಾನರ್ ಇಡುವ ಸ್ಟ್ಯಾಂಡ್) ಯುಎಸ್‌ಬಿ ಕೇಬಲ್ ಮೂಲಕ ಡೇಟಾ ಇಳಿಸುವ ಸೌಲಭ್ಯ ಇದ್ದರೆ ಹಾಗೆ ಬಳಸಿ.

ಪ್ರಶ್ನೆ: ಕೆಲಸದವರು ತಾವೇ ಪುಟ್ಟ ರೂಟರ್ ತಂದು ಸಿಕ್ಕಿಸಿದರೆ ಗೊತ್ತಾಗುವುದು ಹೇಗೆ?

ಉತ್ತರ: ಬಳಸದ ಸ್ವಿಚ್ ಪೋರ್ಟುಗಳನ್ನೆಲ್ಲ (ಇಲ್ಲಿ ಕೇಬಲ್ ಸಿಕ್ಕಿಸುವ ಕಿಂಡಿಗಳು) ಸೆಟ್ಟಿಂಗ್‌ನಲ್ಲೇ ಮುಚ್ಚಿಡಿ. ಪಿಸಿಐ ಡಿಎಸ್ಎಸ್ ನಿಯಮಗಳು ಮೂರು ತಿಂಗಳಿಗೊಮ್ಮೆ ಅನಧಿಕೃತ ಅಕ್ಸೆಸ್ ಪಾಯಿಂಟುಗಳನ್ನು ಹುಡುಕಲು ಹೇಳುತ್ತವೆ. ಫೋನಿನ ವೈ-ಫೈ ಅನಲೈಸರ್ ಆ್ಯಪ್‌ನಲ್ಲಿ ಗುರುತಿಲ್ಲದ ಹೆಸರು ಕಂಡರೆ, ಸಿಗ್ನಲ್ ಬಲವಾಗುವ ಕಡೆಗೆ ನಡೆಯುತ್ತಾ ಹೋಗಿ. ಹೆಸರು ಅಡಗಿಸಿರಲೂಬಹುದು, ಆದ್ದರಿಂದ ಕೌಂಟರಿನ ಕೆಳಗೆ, ಪ್ರಿಂಟರಿನ ಹಿಂದೆ ಬಗ್ಗಿ ನೋಡುವುದೂ ಇರಲಿ.