ಅಸಿಟ್ರಾಮ್ ಮಾತ್ರೆಯ ಜೊತೆ ಚೀನೀ ಕಷಾಯ ಕುಡಿಯಬಹುದೇ?

ಪ್ರಶ್ನೆ: ನಾವು ಸಿಂಗಪುರದಲ್ಲಿದ್ದೇವೆ. ಶಿವಮೊಗ್ಗದಿಂದ ಬಂದಿರುವ ಅಮ್ಮನಿಗೆ 66 ವರ್ಷ. ಹೃದಯದ ಕವಾಟ ಬದಲಿಸಿದೆ, ದಿನಾ ಅಸಿಟ್ರಾಮ್ ಮಾತ್ರೆ ನುಂಗುತ್ತಾರೆ. ಮಂಡಿನೋವು ಜೋರಾಗಿದೆ. ಪಕ್ಕದ ಮನೆಯ ಚೀನೀ ಅಜ್ಜಿ ತಮ್ಮ ವೈದ್ಯರಲ್ಲಿಗೆ ಕರೆದೊಯ್ದರು. ಅವರು ಸೂಜಿ ಚುಚ್ಚಿ, ಕಷಾಯಕ್ಕೆ ಬೇರುಗಳ ಪೊಟ್ಟಣ ಕೊಟ್ಟಿದ್ದಾರೆ. ಅದರಲ್ಲಿ ದಾಂಗ್‌ಗುಯಿ ಇದೆಯಂತೆ. "ಬೇರು-ನಾರು ತಾನೇ, ಏನೂ ಆಗಲ್ಲ" ಅನ್ನುತ್ತಾರೆ ಅಮ್ಮ. ಕೊಡಬಹುದೇ?

ಉತ್ತರ: ಕಷಾಯ ಬೇಡ. ಈಗಾಗಲೇ ಕುಡಿದಿದ್ದರೆ ಇವತ್ತೇ ನಿಲ್ಲಿಸಿ, ಒಂದೆರಡು ದಿನದೊಳಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವ) ಪರೀಕ್ಷೆ ಮಾಡಿಸಿ. ಅಸಿಟ್ರಾಮ್ ಪ್ರಮಾಣವನ್ನು ನೀವಾಗಿಯೇ ಬದಲಿಸಬೇಡಿ. ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಕಪ್ಪು ಮಲ, ಹಠಾತ್ತನೆ ವಿಪರೀತ ತಲೆನೋವು, ಇವುಗಳಲ್ಲಿ ಯಾವುದು ಕಂಡರೂ ನೇರ ತುರ್ತು ಚಿಕಿತ್ಸೆಗೆ ಹೋಗಿ.

ಕೃತಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ಅಮ್ಮನಿಗೆ ಈ ಮಾತ್ರೆ ಕೊಟ್ಟಿದ್ದಾರೆ. ದಾಂಗ್‌ಗುಯಿ, ದಾನ್‌ಶೆನ್ ಬೇರುಗಳು ಇಂಥ ಮಾತ್ರೆಯ ಪ್ರಭಾವ ಹೆಚ್ಚಿಸಿ ರಕ್ತಸ್ರಾವ ತರಬಲ್ಲವು. ಜಿನ್ಸೆಂಗ್ ತಿಂದರೆ ಪ್ರಭಾವ ಕುಗ್ಗಬಹುದು, ಆಗ ಕವಾಟಕ್ಕೇ ಅಪಾಯ.

ಚೀನೀ ಮದ್ದಿನಲ್ಲಿ ಸತ್ವವಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಸತ್ವ ಇರುವುದರಿಂದಲೇ ನನಗೆ ಭಯ. ನಾಲ್ಕನೇ ಶತಮಾನದ ಗೆ ಹಾಂಗ್ ಎಂಬುವರ ಗ್ರಂಥದಲ್ಲಿ, ಜ್ವರಕ್ಕೆ ಚಿಂಗ್‌ಹಾವ್ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಎಂದಿತ್ತು. ಕುದಿಸಿ ಎಂದಿರಲಿಲ್ಲ. ಬಿಸಿಗೆ ಸತ್ವ ಕೆಡುತ್ತಿರಬಹುದೆಂದು ಊಹಿಸಿದ ವಿಜ್ಞಾನಿ ತು ಯೂಯೂ, ಈಥರ್ ಬಳಸಿ ಕಡಿಮೆ ಶಾಖದಲ್ಲಿ ಅದನ್ನು ತೆಗೆದರು. ಮಲೇರಿಯಾದ ಮದ್ದು ಆರ್ಟಿಮಿಸಿನಿನ್ ಸಿಕ್ಕಿದ್ದು ಹಾಗೆ. 2015ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಫಾಲ್ಸಿಪ್ಯಾರಮ್ ಮಲೇರಿಯಾಗೆ ಕೊಡುವ ಮಾತ್ರೆಗಳ ಮೂಲವೂ ಅದೇ.

ಇನ್ನೊಂದು ಕಥೆಯೂ ಚೀನೀ ಬೇರಿನದೇ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲೆಂದು ಚೀನೀ ಮೂಲಿಕೆ ನುಂಗಿದ ಸುಮಾರು ನೂರು ಮಹಿಳೆಯರ ಮೂತ್ರಪಿಂಡ ಹಾಳಾಯಿತು. ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಬಂತು. ಒಂದು ಬೇರಿನ ಬದಲು ಹೆಚ್ಚುಕಡಿಮೆ ಅದೇ ಹೆಸರಿನ, ಮೂತ್ರಪಿಂಡಕ್ಕೆ ವಿಷವಾದ ಅರಿಸ್ಟೊಲೋಕಿಕ್ ಆಮ್ಲವಿರುವ ಬೇರು ಸೇರಿಹೋಗಿತ್ತು. ನಮ್ಮೂರ ಈಶ್ವರಿ ಬೇರು ಅದೇ ಕುಲದ ಗಿಡ, ಅದರಲ್ಲೂ ಈ ಆಮ್ಲವಿದೆ. ಊರಿನಲ್ಲಿ ಯಾರಾದರೂ ತೇಯ್ದು ಕುಡಿಸುತ್ತಿದ್ದರೆ ದಯವಿಟ್ಟು ನಿಲ್ಲಿಸಿ.

ಸೂಜಿ ಚಿಕಿತ್ಸೆಯ ಮಾತು ಬೇರೆ. ಮಂಡಿನೋವಿಗೆ ಅದರಿಂದ ಒಂದಷ್ಟು ಉಪಶಮನ ಸಿಗುವುದುಂಟು. ಆದರೆ ಪ್ರಯೋಗಗಳಲ್ಲಿ ಹೋಲಿಕೆಗೆಂದು ಚುಚ್ಚುವ ನಾಟಕದ ಸುಳ್ಳು ಸೂಜಿಗೆ ಹೋಲಿಸಿ ನೋಡಿದಾಗ ಉಳಿಯುವ ಲಾಭ ಚಿಕ್ಕದು. ಐಎನ್‌ಆರ್ ಹತೋಟಿಯಲ್ಲಿದ್ದು, ಹೃದ್ರೋಗ ತಜ್ಞರು ಒಪ್ಪಿದರೆ ಮಾಡಿಸಬಹುದು. ಸೂಜಿ ಒಮ್ಮೆ ಮಾತ್ರ ಬಳಸುವಂಥದ್ದಾಗಿರಲಿ. ಚರ್ಮದಲ್ಲೇ ದಿನಗಟ್ಟಲೆ ಬಿಡುವ ಸೂಜಿ ಕವಾಟದವರಿಗೆ ಸೋಂಕಿನ ದಾರಿ, ಅದು ಬೇಡ. ಚರ್ಮಕ್ಕೆ ಬಟ್ಟಲು ಅಂಟಿಸಿ ರಕ್ತ ತೆಗೆಯುವ ಕಪ್ಪಿಂಗ್ ಅಂತೂ ಬೇಡವೇ ಬೇಡ.

ಸಿಂಗಪುರದಲ್ಲಿ ಚೀನೀ ವೈದ್ಯರು ಸರ್ಕಾರದ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಲೇಬೇಕು, ಅದನ್ನು ವಿಚಾರಿಸಿ. ಅಮ್ಮನ ಮಾತ್ರೆಗಳ ಚೀಟಿ ಅವರಿಗೆ ತೋರಿಸಿ, ಪೊಟ್ಟಣದಲ್ಲಿರುವ ಪ್ರತಿ ಬೇರಿನ ಹೆಸರು ಬರೆಸಿಕೊಂಡು ಹೃದ್ರೋಗ ತಜ್ಞರಿಗೆ ಕೊಡಿ. ಅಮ್ಮನ ಮೇಲೆ ರೇಗಬೇಡಿ. ಬೈದರೆ ಮುಂದಿನ ಸಲ ಹೇಳದೆ ಕುಡಿಯುತ್ತಾರೆ.

ನೋವಿಗೆ ಫಿಸಿಯೊಥೆರಪಿಸ್ಟ್ ಹತ್ತಿರ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಕಲಿಸಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್ ಆಗಬಹುದು, ದಿನಗಟ್ಟಲೆ ಬೇಕಾದರೆ ವೈದ್ಯರಿಗೆ ತಿಳಿಸಿ, ಅದೂ ಐಎನ್‌ಆರ್ ಏರಿಸಬಲ್ಲದು. ಹಚ್ಚುವ ತೈಲದ ಶೀಶೆಯ ಮೇಲೆ ಮೀಥೈಲ್ ಸ್ಯಾಲಿಸಿಲೇಟ್ ಎಂದಿದೆಯೇ ನೋಡಿ. ಇದ್ದರೆ ಅದನ್ನೂ ದೂರವಿಡಿ, ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ.