ಟಾರ್ಚ್ ಆಮೇಲೆ ಕೊಳ್ಳಿ, ಮೊದಲು ಗರಗಸ ಹಿಡಿಯಿರಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ಪ್ರಶ್ನೆ. ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಪಿಯುಸಿ ಮುಗಿದಿದೆ. ಬೆಂಗಳೂರಿನ ನಗರ್ತಪೇಟೆಯ ಒಂದು ಚಿನ್ನದ ವರ್ಕ್‌ಶಾಪಿನಲ್ಲಿ ಕೆಲಸ ಕಲಿಯೋಕೆ ಬಾ ಅಂದಿದ್ದಾರೆ. ಆರು ತಿಂಗಳು ಟೈಮ್ ಇದೆ. ಅಷ್ಟರೊಳಗೆ ಮನೆಯಲ್ಲಿ ಏನು ಕಲಿತಿರಬೇಕು? ಬೆಸುಗೆ ಹಾಕೋಕೆ ಯಾವ ಗ್ಯಾಸ್ ಟಾರ್ಚ್ ಕೊಳ್ಳಲಿ?

ಟಾರ್ಚ್! ಎಲ್ಲರೂ ಇದನ್ನೇ ಕೇಳುತ್ತೀರಿ. ವಿಡಿಯೊದಲ್ಲಿ ಬೆಂಕಿ ಚೆನ್ನಾಗಿ ಕಾಣುತ್ತೆ, ಅರ (ಫೈಲ್) ಉಜ್ಜುವುದು ಕಾಣುವುದಿಲ್ಲ, ಅಲ್ವಾ? ಮೊದಲ ಮೂರು ತಿಂಗಳು ನಿಮಗೆ ಬೆಂಕಿಯೇ ಬೇಡ.

ಒಂದು ಗರಗಸದ ಫ್ರೇಮು, 2/0 ನಂಬರಿನ ಸಣ್ಣ ಹಲ್ಲಿನ ಬ್ಲೇಡು ಡಜನ್‌ಗಟ್ಟಲೆ, ತಗಡು ಇಟ್ಟು ಕೊಯ್ಯೋಕೆ ಮೇಜಿಗೆ ಬಿಗಿಯುವ ಮರದ ತುಂಡು (ಬೆಂಚ್ ಪಿನ್), ಒಂದು ಚಪ್ಪಟೆ ಅರ, ಒಂದು ಅರೆದುಂಡು ಅರ, ಅಳತೆಗೆ ವರ್ನಿಯರ್ ಕ್ಯಾಲಿಪರ್, ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿ, 1 ಮಿ.ಮೀ. ದಪ್ಪದ ತಾಮ್ರದ ತಗಡು. ಇಷ್ಟು ಸಾಕು. ಐವತ್ತು ಐಟಂ ಇರುವ ಕಿಟ್ ಅಂತ ಆನ್‌ಲೈನಿನಲ್ಲಿ ಮಾರುತ್ತಾರಲ್ಲ, ಅದರಲ್ಲಿ ನಲವತ್ತು ಐಟಂ ಡಬ್ಬಿಯಲ್ಲೇ ತುಕ್ಕು ಹಿಡಿಯುತ್ತವೆ.

ಬ್ಲೇಡ್ ಹಾಕುವುದು ಹೇಗೆ ಅಂತ ಹೇಳುವುದಿಲ್ಲ, ಅದು ಎಲ್ಲ ಕಡೆ ಸಿಗುತ್ತೆ. ಯಾರೂ ಹೇಳದ ಮಾತು ಬೇರೆ ಇದೆ. ತಗಡಿನ ದಪ್ಪದೊಳಗೆ ಕನಿಷ್ಠ ಎರಡು ಹಲ್ಲು ಕೂರಬೇಕು. ತೆಳು ತಗಡಿಗೆ ದಪ್ಪ ಹಲ್ಲಿನ ಬ್ಲೇಡ್ ಹಾಕಿದರೆ ಹಲ್ಲು ಅಂಚಿಗೆ ಸಿಕ್ಕಿಕೊಂಡು ಪಟ್ ಅಂತ ಮುರಿಯುತ್ತೆ, ಆಗ ನೀವು ಬ್ಲೇಡ್ ಸರಿಯಿಲ್ಲ ಅಂತ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗುತ್ತೀರಿ. ಮುಂದಕ್ಕೆ ತಳ್ಳಬೇಡಿ. ಗರಗಸ ನೆಟ್ಟಗೆ ಮೇಲೆ ಕೆಳಗೆ ಆಡಲಿ, ತಿರುವಿನಲ್ಲಿ ತಗಡನ್ನು ತಿರುಗಿಸಿ, ಕೈಯನ್ನಲ್ಲ. ಗೆರೆಯ ಮೇಲೆ ಕೊಯ್ಯದೆ ಹೊರಗಡೆ ಕೂದಲಷ್ಟು ಬಿಟ್ಟು ಕೊಯ್ಯಿರಿ, ಅರಕ್ಕೂ ಕೆಲಸ ಬೇಕಲ್ಲ.

ಈಗ ಪರೀಕ್ಷೆ. 20 ಮಿ.ಮೀ.ನ ಒಂದು ಚೌಕ ಮಾಡಿ. ನಾಲ್ಕೂ ಬದಿ ಅಳೆದು ಸರಿ ಇದೆ ಅಂತ ಖುಷಿಪಡಬೇಡಿ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ 28.3 ಮಿ.ಮೀ. ಬರಬೇಕು. ಒಂದು 28, ಇನ್ನೊಂದು 28.6 ಬಂದರೆ ಅದು ಚೌಕ ಅಲ್ಲ. ಅಂಚಿಗೆ ಸ್ಟೀಲ್ ಸ್ಕೇಲ್ ಒತ್ತಿ ಬೆಳಕಿಗೆ ಹಿಡಿಯಿರಿ. ಕಲಿಯುವವರ ಕೈಯಲ್ಲಿ ಎರಡೂ ತುದಿ ಸವೆದು ನಡು ಉಬ್ಬಿರುತ್ತೆ, ಏಕೆಂದರೆ ಅರ ತೂಗಾಡಿರುತ್ತೆ. ಮುಂದಕ್ಕೆ ಹೋಗುವಾಗ ಮಾತ್ರ ಅರ ಕಚ್ಚುತ್ತೆ, ವಾಪಸ್ ಬರುವಾಗ ಎತ್ತಿಕೊಳ್ಳಿ. ಚೌಕ ಸರಿ ಬರುವ ತನಕ ಎಲೆ, ಹೂವು, ಗಂಡಭೇರುಂಡ ಯಾವುದೂ ಬೇಡ.

ಇದಕ್ಕಿಂತ ಮುಖ್ಯವಾದದ್ದು ತೂಕ. ಅಕ್ಕಸಾಲೆಯಲ್ಲಿ ಬೆಳಿಗ್ಗೆ ಚಿನ್ನ ತೂಗಿ ಕೊಡುತ್ತಾರೆ, ಸಂಜೆ ಒಡವೆ, ತುಂಡು, ಅರದ ಪುಡಿ ಎಲ್ಲ ಸೇರಿಸಿ ತೂಗಿ ವಾಪಸ್ ತಗೊಳ್ಳುತ್ತಾರೆ. ನಡುವೆ ಹೋದದ್ದು ತೇಮಾನು. ಕೈ ಎಷ್ಟೇ ಚೆನ್ನಾಗಿದ್ದರೂ ತೇಮಾನು ಜಾಸ್ತಿ ಮಾಡುವ ಹುಡುಗನನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಮನೆಯಲ್ಲಿ ತಾಮ್ರವನ್ನೇ ಚಿನ್ನ ಅಂದುಕೊಳ್ಳಿ. ಶುರುವಿಗೆ ತೂಗಿ, ಬರೆದಿಡಿ. ತೊಡೆಯ ಮೇಲೆ ಬಟ್ಟೆ ಹಾಸಿ, ಪುಡಿಯನ್ನೆಲ್ಲ ಬ್ರಷ್‌ನಲ್ಲಿ ಗುಡಿಸಿ, ಅರದ ಹಲ್ಲಿನಲ್ಲಿ ಕೂತದ್ದನ್ನೂ ಬಿಡಿಸಿ, ಕೊನೆಗೆ ಮತ್ತೆ ತೂಗಿ. ಎಷ್ಟು ಕಮ್ಮಿ ಬಂತು ಅಂತ ದಿನಾ ಪುಸ್ತಕದಲ್ಲಿ ಬರೆಯಿರಿ. ಕೋರ್ಸುಗಳಲ್ಲಿ ಇದನ್ನು ಹೇಳಿಕೊಟ್ಟಿದ್ದು ನಾನಂತೂ ನೋಡಿಲ್ಲ. ತಾಮ್ರ ಉಜ್ಜಿದ ಅರವನ್ನು ಮುಂದೆ ಚಿನ್ನಕ್ಕೆ ತಾಗಿಸಲೇಬೇಡಿ.

ನಾಲ್ಕನೇ ತಿಂಗಳಿಗೆ ಬೆಂಕಿ. ಮೊದಲು ಬೆಸುಗೆ ಅಲ್ಲ, ತಾಮ್ರ ಕಾಯಿಸಿ ಮೆತ್ತಗೆ ಮಾಡುವುದು. ತಟ್ಟಿ, ಬಗ್ಗಿಸಿ ಗಟ್ಟಿಯಾದ ತಗಡನ್ನು ಮಬ್ಬುಗೆಂಪು ಆಗುವ ತನಕ ಕಾಯಿಸಿ ನೀರಿಗೆ ಹಾಕಿ. ಬಿಸಿಲಿನಲ್ಲಿ ಆ ಬಣ್ಣ ಕಾಣುವುದಿಲ್ಲ, ನೆರಳಲ್ಲಿ ಕೂತು ಮಾಡಿ. ಆಮೇಲೆ ಸಾದಾ ಉಂಗುರ. ತಗಡು ಎಷ್ಟುದ್ದ ಬೇಕು ಅನ್ನುವುದಕ್ಕೆ ಲೆಕ್ಕ ಇದೆ: ಒಳವ್ಯಾಸಕ್ಕೆ ತಗಡಿನ ದಪ್ಪ ಕೂಡಿಸಿ, 3.14ರಿಂದ ಗುಣಿಸಿ. 17 ಮಿ.ಮೀ. ಒಳವ್ಯಾಸ, 1.5 ಮಿ.ಮೀ. ದಪ್ಪ ಇದ್ದರೆ 58.1 ಮಿ.ಮೀ. ದಪ್ಪ ಕೂಡಿಸುವುದನ್ನು ಮರೆತರೆ ಉಂಗುರ ಬಿಗಿಯಾಗುತ್ತೆ.

ಜೋಡಿಸಿದ ಎರಡು ತುದಿಯ ನಡುವೆ ಬೆಳಕು ಕಂಡರೆ ಬೆಸೆಯಬೇಡಿ, ಮತ್ತೆ ಅರ ಹಿಡಿಯಿರಿ. ಬೆಸುಗೆ ಇರುವುದು ಸಂದು ತುಂಬೋಕಲ್ಲ, ಸೇರಿದ್ದನ್ನು ಹಿಡಿಯೋಕೆ. ಬಿಳಿಗಾರ ಹಚ್ಚಿ, ಕ್ಯಾಡ್ಮಿಯಂ ಅನ್ನುವ ವಿಷದ ಲೋಹ ಇಲ್ಲದ ಬೆಳ್ಳಿ ಬೆಸುಗೆಯ ಚೂರು ಇಟ್ಟು, ಜ್ವಾಲೆಯನ್ನು ಆ ಚೂರಿಗಲ್ಲ, ಇಡೀ ಉಂಗುರಕ್ಕೆ ಕೊಡಿ. ಬೆಸುಗೆ ಬಿಸಿಯ ಕಡೆಗೇ ಹರಿಯುತ್ತೆ. ಗಟ್ಟಿ ಬೆಳ್ಳಿ ಬೆಸುಗೆ ಸುಮಾರು 780 ಡಿಗ್ರಿಗೆ ಹರಿಯುತ್ತೆ, ತಾಮ್ರ ಕರಗುವುದು 1085ಕ್ಕೆ, ಹಾಗಾಗಿ ತಾಮ್ರ ನಿಮ್ಮ ತಪ್ಪನ್ನು ತಡೆದುಕೊಳ್ಳುತ್ತೆ. ಚಿನ್ನದ ಕೆಲಸದಲ್ಲಿ ಆ ಅಂತರ ತುಂಬಾ ಕಮ್ಮಿ, ಕಣ್ಣು ಮಿಟುಕಿಸುವಷ್ಟರಲ್ಲಿ ಉಂಗುರ ಉಂಡೆಯಾಗುತ್ತೆ. ಮೊದಲ ದಿನವೇ ಚಿನ್ನ ಕೊಡಲಿಲ್ಲ ಅಂತ ಮುನಿಸಿಕೊಳ್ಳುವವರು ಇದನ್ನು ಎರಡು ಸಲ ಓದಿ. ಕಪ್ಪು ತೆಗೆಯೋಕೆ ಬಿಸಿನೀರಿಗೆ ಸಿಟ್ರಿಕ್ ಆಸಿಡ್ ಪುಡಿ ಹಾಕಿದರೆ ಸಾಕು. ನೈಟ್ರಿಕ್ ಆಸಿಡ್ ಮನೆಯೊಳಗೆ ತರಬೇಡಿ.

ಹಿತ್ತಾಳೆ ಕೊಯ್ಯೋಕೆ ಆಗಬಹುದು. ಅದನ್ನು ಜಾಸ್ತಿ ಕಾಯಿಸಿದರೆ ಸತುವಿನ ಹೊಗೆ ಏಳುತ್ತೆ, ಬೇಡ. ನೈಲಾನ್ ಬಟ್ಟೆ ಹಾಕಿಕೊಂಡು, ಬಾಗಿಲು ಮುಚ್ಚಿದ ರೂಮಿನಲ್ಲಿ, ಒಬ್ಬರೇ ಕೂತು ಟಾರ್ಚ್ ಹಚ್ಚಬೇಡಿ. ನನಗೆ ಇದರಲ್ಲಿ ಭಯ ಸ್ವಲ್ಪ ಜಾಸ್ತಿಯೇ, ಇರಲಿ.

ಪ್ರಶ್ನೆ: ಕೆಡಿಎಂ ಬೆಸುಗೆಯಷ್ಟು ಸಲೀಸು ಯಾವುದೂ ಇಲ್ಲ ಅಂತ ನಮ್ಮೂರಿನ ಹಿರಿಯರು ಹೇಳುತ್ತಾರೆ. ಹೊಗೆ ಕುಡಿದರೆ ಬೆಲ್ಲ ತಿನ್ನು, ಸರಿಹೋಗುತ್ತೆ ಅಂತಲೂ ಅನ್ನುತ್ತಾರೆ. ನಿಜವಾ?

ಬೆಲ್ಲ ಹೊಟ್ಟೆಗೆ ಹೋಗುತ್ತೆ, ಹೊಗೆ ಪುಪ್ಪುಸಕ್ಕೆ ಹೋಗುತ್ತೆ. ಇಷ್ಟು ಗೊತ್ತಾಗೋಕೆ ಡಾಕ್ಟರೇ ಬೇಕಾ? ಹಾಲು ಕುಡಿ, ಬಾಳೆಹಣ್ಣು ತಿನ್ನು ಅನ್ನುವ ಕಥೆಯೂ ಇದೇ. ಕೆಡಿಎಂನಲ್ಲಿರುವುದು ಕ್ಯಾಡ್ಮಿಯಂ. ಅದು 767 ಡಿಗ್ರಿಗೇ ಕುದಿಯುತ್ತೆ, ನಾವು ಬೆಸೆಯುವ ಶಾಖವೂ ಅದರ ಆಸುಪಾಸಿನದ್ದೇ. ಆ ಹೊಗೆ ಕುಡಿದ ತಕ್ಷಣ ಏನೂ ಅನ್ನಿಸದೆ ಇರಬಹುದು, ಕೆಲವು ಗಂಟೆ ಬಿಟ್ಟು ಜ್ವರ, ಎದೆನೋವು, ಉಸಿರು ಕಟ್ಟುವುದು ಶುರುವಾಗುತ್ತೆ. ವರ್ಷಗಟ್ಟಲೆ ಕುಡಿದರೆ ಕಿಡ್ನಿ ಹೋಗುತ್ತೆ. ಕರ್ಚೀಫ್ ಕಟ್ಟಿಕೊಂಡರೆ ತಡೆಯುವುದಿಲ್ಲ. ಸಲೀಸು ಅನ್ನುವುದು ನಿಜ. ಸತು ಬೆರೆಸಿದ ಬೆಸುಗೆ ಇರುವಾಗ ಆ ಸಲೀಸು ಯಾಕೆ ಬೇಕು? ಹೊಳಪಿಗೆ ಸಯನೈಡ್ ಬಳಸುವುದನ್ನು ಕಲಿಸುತ್ತೇನೆ ಅನ್ನುವ ಗುರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆ: ಹದಿನೈದು ದಿನದಲ್ಲಿ ಅಕ್ಕಸಾಲಿಗರಾಗಿ ಅಂತ ಸರ್ಟಿಫಿಕೇಟ್ ಕೋರ್ಸ್ ಇದೆ. ಸೇರಲಾ?

ಹದಿನೈದು ದಿನದಲ್ಲಿ ನೆಟ್ಟಗೆ ಕೊಯ್ಯೋಕೂ ಬರುವುದಿಲ್ಲ. ದುಡ್ಡು ಉಳಿಸಿ ಬ್ಲೇಡ್ ತಗೊಳ್ಳಿ.

ಪ್ರಶ್ನೆ: ಕಂಪ್ಯೂಟರ್ ಡಿಸೈನ್ ಕಲಿತರೆ ಕೈಕೆಲಸ ಬೇಕಾ?

ಬೇಕು. ಅರ ಹೋಗದ ಜಾಗವನ್ನು ಡಿಸೈನ್ ಮಾಡಿ ಕಳಿಸುವವರನ್ನು ಬೆಂಚಿನವರು ಏನಂತ ಬೈಯುತ್ತಾರೆ ಗೊತ್ತಾ?

ಪ್ರಶ್ನೆ: ನಮ್ಮದು ಅಕ್ಕಸಾಲಿಗರ ಮನೆತನ ಅಲ್ಲ. ಕಲಿಸುತ್ತಾರಾ?

ಕಲಿಸುತ್ತಾರೆ. ಬೆಂಗಳೂರಿನ ಪೇಟೆಯ ಬೆಂಚುಗಳಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಹುಡುಗರು ಎಷ್ಟೊಂದು ಜನ ಕೂತಿದ್ದಾರೆ, ಒಂದು ಸಲ ಹೋಗಿ ನೋಡಿ.

ಪ್ರಶ್ನೆ: ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಹೊಸಬರಿಗೆ ಪೂರ್ತಿ ಕೆಲಸ ಕಲಿಸುತ್ತಾರಂತೆ, ಹೌದಾ?

ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಆ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲೆ ಕೆಲಸವೂ ಇದೆ. ಆದರೆ ಅದು ಈಗಾಗಲೇ ಕಸುಬು ಮಾಡುತ್ತಿರುವವರಿಗೆ. ಮೊದಲ ತರಬೇತಿ 5ರಿಂದ 7 ದಿನ, ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ ತನಕ ನೆರವು. ಮಧ್ಯವರ್ತಿಗೆ ದುಡ್ಡು ಕೊಟ್ಟು ಸುಳ್ಳು ಅರ್ಜಿ ಹಾಕಿಸಬೇಡಿ.

ಪ್ರಶ್ನೆ: ಸೇರುವ ದಿನ ಏನು ತಗೊಂಡು ಹೋಗಲಿ?

ನಿಮ್ಮ ತಾಮ್ರದ ಚೌಕ, ಉಂಗುರ, ತೂಕ ಬರೆದ ಪುಸ್ತಕ. ಕೆಟ್ಟುಹೋದ ತುಂಡುಗಳನ್ನೂ ತಗೊಂಡು ಹೋಗಿ, ಅವನ್ನು ನೋಡಿದರೆ ನಿಮ್ಮ ಕೈ ಎಲ್ಲಿ ತಪ್ಪುತ್ತೆ ಅಂತ ಯಜಮಾನರಿಗೆ ಗೊತ್ತಾಗುತ್ತೆ. ಫೋನಿನ ಫೋಟೊ ಬೇಡ. ಬೆಸುಗೆ ಹಾಕುವ ಜಾಗದಲ್ಲಿ ಹೊಗೆ ಹೊರಹೋಗೋಕೆ ಫ್ಯಾನ್ ಇದೆಯಾ ನೋಡಿ. ತಿಂಗಳಿಗೆ ಎಷ್ಟು ಕೊಡುತ್ತಾರೆ, ಪುಡಿ ಕಮ್ಮಿ ಬಂದರೆ ಯಾರ ಲೆಕ್ಕಕ್ಕೆ ಹಾಕುತ್ತಾರೆ ಅಂತ ಮೊದಲೇ ಕೇಳಿ. ಬೆಂಚಿನಲ್ಲಿ ನಾಲ್ಕು ಜನ ಕೂತು ಒಂದೇ ತಟ್ಟೆಯಲ್ಲಿ ಪುಡಿ ಬೀಳಿಸಿ, ಸಂಜೆ ಕಮ್ಮಿ ಬಂದದ್ದನ್ನು ಹೊಸ ಹುಡುಗನ ಸಂಬಳದಲ್ಲಿ ಹಿಡಿಯುವ ಜಾಗಗಳು ನನಗೆ ಗೊತ್ತು. ನಿಮಗೆ ಬೇರೆ ತಟ್ಟೆ, ಬೇರೆ ತೂಕದ ಚೀಟಿ ಕೊಡುವುದಾದರೆ ಮಾತ್ರ ಒಪ್ಪಿಕೊಳ್ಳಿ.